‘ಸ’, ‘ಶ’ ಬಂದಾಗ್ಲೆಲ್ಲ ಕಿವಿಗೆ ಚುಚ್ಚೋ ಹೆಡ್‌ಫೋನು: ಬೇರೇದು ತಗೊಳ್ಳೋ ಮುಂಚೆ ನೋಡ್ಬೇಕಾದ್ದು

ಪ್ರಶ್ನೆ: ನಮಸ್ಕಾರ ಸರ್. ನಾನು ಕುಮಟಾ ಹತ್ರದ ಹಳ್ಳಿ ಶಾಲೇಲಿ ಟೀಚರ್, ವಯಸ್ಸು 47, ದಪ್ಪ ಫ್ರೇಮಿನ ಕನ್ನಡಕ ಇದೆ. ಮಕ್ಕಳಿಗೆ ಪಾಠ, ಕಥೆ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಲ್ಲಿ ಎಡಿಟ್ ಮಾಡ್ತೀನಿ, ರಾತ್ರಿ ಯಕ್ಷಗಾನ, ಹಿಂದೂಸ್ತಾನಿ ಕೇಳ್ತೀನಿ. ಪಕ್ಕದ ಕೋಣೇಲಿ ಅಮ್ಮ ಮಲಗಿರ್ತಾರೆ, ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಸದ್ದು ಬೇರೆ, ಹಾಗಾಗಿ ಹಿಂಬದಿ ಪೂರ್ತಿ ಮುಚ್ಚಿರೋ ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನೇ ಆಗ್ಬೇಕು. ಎಲ್ರೂ ಹೊಗಳ್ತಾರೆ ಅಂತ ಎರಡು ವರ್ಷದ ಹಿಂದೆ ಒಂದು ಸ್ಟುಡಿಯೋ ಮಾಡೆಲ್ ತಗೊಂಡೆ. ಮೊದಲಿಂದ್ಲೂ ಸ್ವಲ್ಪ ಚುಚ್ಚತಿತ್ತು, ಈ ಮಳೆಗಾಲ ಕಳೆದ್ಮೇಲೆ ಜಾಸ್ತಿ ಆಗಿದೆ. ಚಂಡೆ, ತಾಳ, ಭಾಗವತರ ಪದ್ಯದಲ್ಲಿ ‘ಸ’, ‘ಶ’ ಬಂದ್ರೆ ಸೂಜಿ ಹಾಕಿದ ಹಾಗೆ, ಅರ್ಧ ಗಂಟೇಲಿ ತಲೆನೋವು. ನೂರು ಗಂಟೆ ಹಾಡು ಹಾಕಿಟ್ರೆ ಸರಿಯಾಗತ್ತೆ ಅಂತ ಅಣ್ಣನ ಮಗ ಹೇಳ್ತಾನೆ, ಅಂಗಡಿಯವ್ರು ಆಂಪ್ಲಿಫೈಯರ್ ತಗೊಳ್ಳಿ ಅಂದ್ರು, ಕ್ಲೋಸ್ಡ್ ಎಲ್ಲ ಹಾಗೇ ಅಂತ ಸಹೋದ್ಯೋಗಿ ಹೇಳ್ತಾರೆ. ಹತ್ತು ಹನ್ನೆರಡು ಸಾವಿರ ಇಟ್ಕೊಂಡಿದೀನಿ. ಟ್ರೆಬಲ್ (ಮೇಲಿನ ಚೂಪು ಸ್ವರ) ಕಡಿಮೆ ಇರೋ ಹೆಡ್‌ಫೋನ್ ಯಾವುದು ಹೇಳ್ತೀರಾ?

ಉತ್ತರ: ಅಕ್ಕೋರೆ ನಮಸ್ಕಾರ. ನಾನು ಶಿರಸಿ ಕಡೆ ಸೌಂಡ್ ಕೆಲಸ ಮಾಡೋನು, ಯಕ್ಷಗಾನ ಆಟದ ರೆಕಾರ್ಡಿಂಗು, ಭಜನೆ, ಸಂಗೀತ ಬೈಠಕ್ಕು, ಆಮೇಲೆ ಅದರ ಎಡಿಟಿಂಗು, ಇದೇ ದಿನಾ ಇರೋದು. ಚುಚ್ಚತ್ತೆ ಅಂತ ಹೇಳ್ಕೊಂಡು ಬರೋರು ಬಹಳ ಜನ, ಅವ್ರಲ್ಲಿ ಸುಮಾರು ಜನಕ್ಕೆ ಹೊಸ ಹೆಡ್‌ಫೋನಿನ ಅಗತ್ಯಾನೇ ಇರಲ್ಲ. ನಿಮ್ಮದೂ ಹಾಗೇ ಇರ್ಬಹುದು ಅಂತ ನಂಗೆ ಅನುಮಾನ.

ಅನುಮಾನ ಯಾಕೆ ಅಂದ್ರೆ, ಈ ಮಳೆಗಾಲ ಕಳೆದ್ಮೇಲೆ ಜಾಸ್ತಿ ಆಗಿದೆ ಅಂದ್ರಲ್ಲ, ಅಲ್ಲೇ ನಾನು ನಿಂತೆ. ಒಳಗಿನ ಸಣ್ಣ ಸ್ಪೀಕರ್ ಇದ್ಯಲ್ಲ, ಡ್ರೈವರ್ ಅಂತೀವಿ, ಅದು ಒಂದು ಮಳೆಗಾಲ ಕಳೆದ ಮಾತ್ರಕ್ಕೆ ಸಾಮಾನ್ಯವಾಗಿ ಹೀಗೆ ಬದಲಾಗಲ್ಲ. ಬದಲಾಗೋದು ಇಯರ್ ಪ್ಯಾಡು. ಚರ್ಮದ ಥರ ಕಾಣೋ ಪ್ಯಾಡುಗಳು ಬಹುತೇಕ ಚರ್ಮ ಅಲ್ಲ, ಬಟ್ಟೆ ಮೇಲೆ ಬಳಿದ ಪಾಲಿಯುರೆಥೇನ್ ಪದರ, ಗಾಳಿಲಿರೋ ತೇವ ಆ ಪದರದ ರಾಸಾಯನಿಕ ಕೊಂಡಿಗಳನ್ನೇ ಕಡೀತಾ ಹೋಗತ್ತೆ, ನೀವು ಬಳಸಿದ್ರೂ ಅಷ್ಟೇ ಕಪಾಟಲ್ಲಿಟ್ರೂ ಅಷ್ಟೇ. ಆಮೇಲೆ ಕಪ್ಪು ಕಪ್ಪು ಚೂರು ಕೆನ್ನೆಗೆ ಅಂಟ್ಕೊಳ್ಳೋದು ಶುರುವಾಗತ್ತೆ. ಒಣ ಊರಲ್ಲಿ ಬಾಳಿದಷ್ಟು ದಿನ ನಮ್ಮ ಕುಮಟಾ, ಹೊನ್ನಾವರ, ಕಾರವಾರದಲ್ಲಿ ಬಾಳಲ್ಲ. ಒಳಗಿನ ಸ್ಪಂಜೂ ಎರಡು ವರ್ಷದಲ್ಲಿ ಕೂತುಬಿಡತ್ತೆ.

ಪ್ಯಾಡ್ ಹಳೇದಾದ್ರೆ ಟ್ರೆಬಲ್ ಯಾಕೆ ಚುಚ್ಚಬೇಕು ಅಂತ ಕೇಳ್ತೀರಿ. ಕ್ಲೋಸ್ಡ್ ಬ್ಯಾಕಲ್ಲಿ ಬೇಸ್ (ಕೆಳಗಿನ ಗುಂಕಾರದ ದನಿ) ಅನ್ನೋದು ಪ್ಯಾಡು ಕಿವಿ ಸುತ್ತ ಗಾಳಿ ಆಡದ ಹಾಗೆ ಕೂತ್ರೆ ಮಾತ್ರ ಬರೋದು. ಎಲ್ಲಾದ್ರೂ ಸಣ್ಣ ಸಂದಿ ಆದ್ರೆ ಸಾಕು, ಬೇಸ್ ಸೋರಿ ಹೋಗತ್ತೆ, ಟ್ರೆಬಲ್ ಅಲ್ಲೇ ಇರತ್ತೆ. ಕೆಳಗಿನ ದನಿ ಹೋದ್ಮೇಲೆ ಮೇಲಿನದ್ದು ಒಂದೇ ಎದ್ದು ಕಾಣತ್ತೆ, ನಿಮಗೆ ಸದ್ದು ತೆಳು ಅನ್ಸತ್ತೆ, ವಾಲ್ಯೂಮ್ ಏರಿಸ್ತೀರಿ, ಬೇಸ್ ವಾಪಸ್ ಬರಲ್ಲ ಆದ್ರೆ ಟ್ರೆಬಲ್ ಇನ್ನೂ ಏರತ್ತೆ. ಅದ್ರ ಮೇಲೆ ನಿಮ್ಮ ಕನ್ನಡಕದ ದಪ್ಪ ಕಡ್ಡಿ ಪ್ಯಾಡನ್ನ ಎತ್ತಿ ಹಿಡಿದಿರತ್ತೆ, ಅಲ್ಲೊಂದು ಸಂದಿ. ಹೊಸ ಪ್ಯಾಡು ಮೆದು ಇರೋದ್ರಿಂದ ಕಡ್ಡಿ ಸುತ್ತ ಮುಚ್ಕೊಳ್ಳತ್ತೆ, ಹಳೇದಕ್ಕೆ ಆಗಲ್ಲ. ಜೊತೆಗೆ ಸ್ಪಂಜು ಕೂತಷ್ಟೂ ಡ್ರೈವರ್ ಕಿವಿಗೆ ಹತ್ರ ಬರತ್ತೆ, ಟ್ರೆಬಲ್ಲಿನ ಉಬ್ಬುಗಳು ಜಾಗ ಬದಲಾಯಿಸ್ತವೆ.

ಇದನ್ನ ಈಗ್ಲೇ ಪರೀಕ್ಷೆ ಮಾಡ್ಬಹುದು. ಮದ್ದಳೆ ಅಥವಾ ತಬಲಾದ ಬಾಯಾ ಚೆನ್ನಾಗಿ ಕೇಳೋ ರೆಕಾರ್ಡಿಂಗ್ ಹಾಕಿ, ಕನ್ನಡಕ ಹಾಕ್ಕೊಂಡೇ ಕೇಳಿ, ಆಮೇಲೆ ಎರಡೂ ಅಂಗೈಯಿಂದ ಹೆಡ್‌ಫೋನಿನ ಕಪ್ಪುಗಳನ್ನ (ಕಿವಿ ಮೇಲೆ ಕೂರೋ ಬಟ್ಟಲು) ಮೆತ್ತಗೆ ಒತ್ತಿ. ವಾದ್ಯದ ಎಡಗಡೆಯ ಗುಂಕಾರ ತಟ್ಟನೆ ತುಂಬ್ಕೊಂಡು ಬಂತು, ಚುಚ್ಚೋದು ಇಳೀತು ಅಂದ್ರೆ ಕಾಯಿಲೆ ಸಿಕ್ತು. ಆಮೇಲೆ ಕನ್ನಡಕ ತೆಗೆದು ಒಮ್ಮೆ ಕೇಳಿ, ಎಷ್ಟು ಪಾಲು ಕನ್ನಡಕದ್ದು ಎಷ್ಟು ಪಾಲು ಪ್ಯಾಡಿಂದು ಗೊತ್ತಾಗತ್ತೆ. ಒತ್ತಿದ್ರೂ ಏನೂ ವ್ಯತ್ಯಾಸ ಇಲ್ಲ ಅಂದ್ರೆ ಮುಂದಿನದ್ದು ಓದಿ.

ಮೊದಲಿಂದ್ಲೂ ಸ್ವಲ್ಪ ಚುಚ್ಚತಿತ್ತು ಅಂದ್ರಲ್ಲ, ಅದು ಬೇರೆ ಲೆಕ್ಕ. ಇಲ್ಲೇ ಜನ ದಾರಿ ತಪ್ಪೋದು, ಟ್ರೆಬಲ್ ಕಡಿಮೆ ಇರೋದು ಕೊಡಿ ಅಂತ ಕೇಳ್ತಾರೆ. ನಿಮಗೆ ಬೇಕಾದ್ದು ಟ್ರೆಬಲ್ ಸಮತಟ್ಟಾಗಿರೋದು ಅಕ್ಕೋರೆ. ಟ್ರೆಬಲ್ ಪೂರ್ತಿ ಜಾಸ್ತಿ ಇದ್ರೆ ಸದ್ದು ಬರೀ ಬೆಳ್ಳಗೆ ಕೇಳತ್ತೆ, ಅದಕ್ಕೆ ಕಿವಿ ಒಗ್ಗಿಕೊಳ್ಳತ್ತೆ. ಆದ್ರೆ ಸಣ್ಣ ಜಾಗದಲ್ಲಿ ಒಂದೇ ಒಂದು ಮುಳ್ಳು ಎದ್ದಿದ್ರೆ, ಉದಾಹರಣೆಗೆ 7,000ದಿಂದ 9,000 ಹರ್ಟ್ಜ್ ನಡುವೆ (ಹರ್ಟ್ಜ್ ಅಂದ್ರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನೋ ಲೆಕ್ಕ), ಆ ಜಾಗಕ್ಕೆ ಬೀಳೋ ಸದ್ದು ಪ್ರತಿ ಸಲ ಬಂದಾಗ್ಲೂ ಚುಚ್ಚತ್ತೆ. ‘ಸ’, ‘ಶ’, ‘ಚ’ ಇವುಗಳ ಗಾಳಿಸದ್ದು ಹೆಚ್ಚಾಗಿ ಇರೋದೇ ಸುಮಾರು 4,000ದಿಂದ 9,000 ಹರ್ಟ್ಜಲ್ಲಿ. ಚಂಡೆ ಕೋಲು ಬಿದ್ದ ಕ್ಷಣದ ‘ಟಕ್’ ಕೂಡ ಅಲ್ಲಿವರೆಗೂ ಹೋಗತ್ತೆ, ಭಾಗವತರ ತಾಳದ ಕಂಚಿನ ಮಿಂಚು ಅದಕ್ಕೂ ಮೇಲೆ.

ಈ ಮುಳ್ಳು ಎಲ್ಲಿಂದ ಬರತ್ತೆ? 8,000 ಹರ್ಟ್ಜಿನ ಅಲೆಯ ಉದ್ದ ಗಾಳಿಲಿ ನಾಲ್ಕು ಸೆಂಟಿಮೀಟರ್ ಚಿಲ್ಲರೆ. ನಿಮ್ಮ ಕಪ್ಪಿನ ಒಳಗಿನ ಅಳತೆ, ಕಿವಿಯ ಅಳತೆ ಎಲ್ಲಾ ಹೆಚ್ಚು ಕಡಿಮೆ ಅಷ್ಟೇ. ಹಾಗಾಗಿ ಆ ಅಲೆ ಕಪ್ಪಿಗೂ ಕಿವಿಗೂ ನಡುವೆ ಹೋಗಿ ಬಂದು ಒಂದ್ರ ಮೇಲೊಂದು ಕೂತು ಕೆಲವು ಕಡೆ ಉಬ್ಬತ್ತೆ, ಕೆಲವು ಕಡೆ ಕುಳಿ ಬೀಳತ್ತೆ. ಕ್ಲೋಸ್ಡ್ ಬ್ಯಾಕಲ್ಲಿ ಇನ್ನೊಂದು ತಲೆನೋವು, ಡ್ರೈವರಿನ ಹಿಂದೆ ಹೋದ ಸದ್ದಿಗೆ ಹೊರಗೆ ಹೋಗೋಕೆ ದಾರಿ ಇಲ್ಲ, ಖಾಲಿ ಕೊಡಕ್ಕೆ ಬಾಯಿ ಇಟ್ಟು ಕೂಗಿದ ಹಾಗೆ ಒಳಗೇ ಸುತ್ತಿ ವಾಪಸ್ ಬರತ್ತೆ. ಒಳ್ಳೆ ಕಂಪನಿ ಒಳಗೆ ಉಣ್ಣೆ ಫೆಲ್ಟು, ಫೋಮು ತುಂಬಿ, ಕಪ್ಪಿನ ಗೋಡೆ ಓರೆ ಮಾಡಿ ಅದನ್ನ ಸಾಯಿಸತ್ತೆ, ಕಳಪೆ ಮಾಲಲ್ಲಿ ಬರೀ ಪ್ಲಾಸ್ಟಿಕ್ ಗೋಡೆ. ಅಂದ್ರೆ ಸಹೋದ್ಯೋಗಿ ಹೇಳಿದ್ರಲ್ಲಿ ಕಾಲು ಭಾಗ ನಿಜ, ಕ್ಲೋಸ್ಡ್ ಬ್ಯಾಕನ್ನ ನಯವಾಗಿ ಮಾಡೋದು ಕಷ್ಟ. ಎಲ್ಲಾ ಹಾಗೇ ಅನ್ನೋದು ಸುಳ್ಳು.

ಇನ್ನೊಂದು ವಿಷಯ, ನಮ್ಮ ಕಿವಿ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆ, ಅದು 3,000 ಹರ್ಟ್ಜ್ ಆಸುಪಾಸನ್ನ ತಾನಾಗೇ ಏರಿಸತ್ತೆ. ಅದಕ್ಕೇ ಯಾವ ಸ್ವರ ಎಷ್ಟು ಜೋರು ಅಂತ ತೋರ್ಸೋ ಹೆಡ್‌ಫೋನ್ ಗ್ರಾಫ್ ನೋಡಿದ್ರೆ ಅಲ್ಲೊಂದು ಗುಡ್ಡ ಕಾಣತ್ತೆ, ಅದು ಇರ್ಲೇಬೇಕು, ಹೆದರ್ಬೇಡಿ. ಹರ್ಮನ್ ಕಂಪನಿಯ ಷಾನ್ ಆಲಿವ್ ಮತ್ತು ಸಂಗಡಿಗರು 2013ರ ಆಸುಪಾಸಿಂದ ಜನರನ್ನ ಕೂರಿಸಿ ಕೇಳಿಸಿ ನೋಡಿದ್ರು, ಹೆಚ್ಚಿನವ್ರಿಗೆ ಇಷ್ಟ ಆಗಿದ್ದು ಒಳ್ಳೆ ಸ್ಪೀಕರನ್ನ ಒಂದು ಕೋಣೇಲಿ ಕೇಳಿದ ಹಾಗೆ ಇರೋ ಹೆಡ್‌ಫೋನು, ಅಂದ್ರೆ ಬೇಸ್ ಸ್ವಲ್ಪ ತುಂಬಿರ್ಬೇಕು, 3,000ದ ಗುಡ್ಡ ಇರ್ಬೇಕು, ಅಲ್ಲಿಂದ ಮೇಲೆ ನಿಧಾನಕ್ಕೆ ಇಳೀಬೇಕು. ನೀವು ಗ್ರಾಫಲ್ಲಿ ನೋಡ್ಬೇಕಾದ್ದು ಆ ಇಳಿಜಾರು ಸರಾಗ ಇದ್ಯಾ, ನಡುವೆ ಗರಗಸದ ಹಲ್ಲು ಎದ್ದಿದ್ಯಾ ಅನ್ನೋದಷ್ಟೇ. ಡಬ್ಬಿ ಮೇಲೆ 5ರಿಂದ 35,000 ಹರ್ಟ್ಜ್ ಅಂತ ಬರೆದಿರ್ತಾರೆ, ಅದ್ರಿಂದ ಏನೂ ಗೊತ್ತಾಗಲ್ಲ. ಎಳೇ ಕಿವಿಗೇ 20,000ದ ಮೇಲೆ ಕೇಳಲ್ಲ, ನನ್ನ ನಿಮ್ಮ ವಯಸ್ಸಲ್ಲಿ ಅದಕ್ಕಿಂತ ಬಹಳ ಕೆಳಗೇ ನಿಲ್ಲತ್ತೆ.

ಈಗ ನಿಮಗೆ ಸಿಕ್ಕ ಸಲಹೆಗಳು. ನೂರು ಗಂಟೆ ಹಾಡು ಹಾಕಿಡೋದು ಬೇಡ, ಕರೆಂಟು ದಂಡ. ಅಷ್ಟು ಹೊತ್ತಲ್ಲಿ ಬದಲಾಗೋದು ಪ್ಯಾಡಿನ ಮೆದುತನ ಮತ್ತೆ ಕೇಳೋರ ಅಭ್ಯಾಸ. ಎರಡು ವರ್ಷ ಬಳಸಿದ ಹೆಡ್‌ಫೋನಿಗಂತೂ ಆ ಮಾತೇ ಇಲ್ಲ. ಆಂಪ್ಲಿಫೈಯರ್ ಕಥೆ ಏನಂದ್ರೆ, 250 ಓಮಿನ (ಓಮ್ ಅಂದ್ರೆ ವಿದ್ಯುತ್ತಿಗೆ ಒಡ್ಡೋ ತಡೆಯ ಅಳತೆ) ಹೆಡ್‌ಫೋನನ್ನ ಫೋನಿಗೆ ಹಾಕಿದ್ರೆ ಸದ್ದು ಸಣ್ಣ ಬರತ್ತೆ, ಅಲ್ಲಿ ಆಂಪ್ ಬೇಕು. 32ರಿಂದ 80 ಓಮಿನದ್ದು ಸಾಮಾನ್ಯವಾಗಿ ಲ್ಯಾಪ್‌ಟಾಪಿಗೇ ಸಾಕು. ಆಂಪ್ ಹಾಕಿದ್ರೆ ಮುಳ್ಳು ಹೋಗಲ್ಲ, ಮುಳ್ಳು ಕಪ್ಪಿನ ಆಕಾರದಲ್ಲಿದೆ, ಜೋರಾಗಿ ಚುಚ್ಚತ್ತೆ ಅಷ್ಟೇ. ಕೇಬಲ್ ಬದಲಾಯ್ಸಿ ಅಂತ ಯಾರಾದ್ರೂ ಹೇಳಿದ್ರೆ ಚಾ ಕುಡ್ಸಿ ಕಳ್ಸಿ. ಸ್ಟುಡಿಯೋ ಅಂತ ಹೆಸರಿದ್ರೆ ಕಿವಿಗೆ ಹಿತ ಅನ್ನೋದೂ ತಪ್ಪು ತಿಳುವಳಿಕೆ, ಆ ಜಾತಿಯ ಸುಮಾರು ಹೆಡ್‌ಫೋನು ಮಾಡಿರೋದೇ ರೆಕಾರ್ಡಿಂಗಿನ ತಪ್ಪು ಎತ್ತಿ ತೋರ್ಸೋಕೆ. ಸೋನಿ ಎಂಡಿಆರ್ 7506 ಅಂತ ಒಂದಿದೆ, 1991ರಿಂದ ಬರ್ತಾ ಇದೆ, ರೇಡಿಯೋ ಟೀವಿ ಸಿನಿಮಾದವ್ರ ತಲೆ ಮೇಲೆಲ್ಲ ಅದೇ, ಕೆಲಸಕ್ಕೆ ಅದ್ಭುತ, ಆದ್ರೆ ರಾತ್ರಿ ಎರಡು ತಾಸು ಆಟ ಕೇಳೋಕೆ ನಾನಂತೂ ಹಾಕ್ಕೊಳ್ಳಲ್ಲ.

ನೀವು ಕೇಳೋ ರೆಕಾರ್ಡಿಂಗ್ ಮೇಲೂ ಒಂದು ಅನುಮಾನ ಇಟ್ಕೊಳ್ಳಿ ಮಾರಾಯ್ರೆ. ರಂಗಸ್ಥಳದ ಎದುರು ಮೊಬೈಲ್ ಹಿಡಿದು ತೆಗೆದ ಆಟದಲ್ಲಿ ಚಂಡೆ ಏರಿದ ಕೂಡ್ಲೇ ಮೈಕಿಗೆ ತಡೆಯಕ್ಕಾಗದೆ ಅಲೆಯ ತಲೆ ಕತ್ತರಿಸಿ ಹೋಗತ್ತೆ, ಆ ಕತ್ತರಿಸಿದ್ದು ಮೇಲಿನ ಸ್ವರಗಳಲ್ಲಿ ಹೊಸ ಕರ್ಕಶ ಹುಟ್ಸತ್ತೆ, ಆಮೇಲೆ ಅದನ್ನ ಕುಗ್ಗಿಸಿ ಅಪ್‌ಲೋಡ್ ಮಾಡಿದ್ರೆ ತಾಳ ಎಲ್ಲ ಸೊಯ್ ಸೊಯ್ ಅನ್ನತ್ತೆ. ಎಷ್ಟು ದುಡ್ಡಿನ ಹೆಡ್‌ಫೋನ್ ಹಾಕಿದ್ರೂ ಅದು ಚುಚ್ಚೋದೇ, ಒಳ್ಳೆ ಹೆಡ್‌ಫೋನಲ್ಲಿ ಇನ್ನೂ ಸ್ಪಷ್ಟವಾಗಿ ಚುಚ್ಚತ್ತೆ. ಹಾಗಾಗಿ ಹೆಡ್‌ಫೋನ್ ಪರೀಕ್ಷೆಗೆ ಸ್ಟುಡಿಯೋದಲ್ಲಿ ಮಾಡಿದ ಒಂದು ಖಯಾಲ್ ಸೀಡಿ, ನಿಮ್ಮದೇ ದನಿಯ ಒಂದು ಪಾಠ, ಇಷ್ಟು ಇಟ್ಕೊಳ್ಳಿ. ನಿಮ್ಮ ಪಾಠದಲ್ಲೇ ‘ಸ’ ಚುಚ್ಚತಿದ್ರೆ ಮೈಕನ್ನ ಬಾಯಿಗೆ ನೇರ ಇಡ್ಬೇಡಿ, ಕೆನ್ನೆ ಕಡೆಗೆ ಒಂದು ಗೇಣು ಓರೆ ಇಡಿ.

ಪ್ಯಾಡ್ ಬದಲಾಯ್ಸೋದು ಮೊದಲ ದಾರಿ, ಅಗ್ಗ. ಆದ್ರೆ ನಿಮ್ಮ ಮಾಡೆಲಿಗೇ ಕಂಪನಿ ಕೊಡೋ ಪ್ಯಾಡೇ ಹುಡುಕಿ. ಬೆವರತ್ತೆ ಅಂತ ಚರ್ಮದ್ದು ತೆಗೆದು ವೆಲ್ವೆಟ್ ಥರದ್ದು ಹಾಕ್ತಾರೆ, ಬಟ್ಟೆ ಗಾಳಿ ಬಿಡತ್ತೆ, ಆ ಹೆಡ್‌ಫೋನನ್ನ ಚರ್ಮಕ್ಕೆ ಅಂತ ಟ್ಯೂನ್ ಮಾಡಿದ್ರೆ ಬೇಸ್ ಇಳಿದು ಮತ್ತೆ ಅದೇ ಕಥೆ. ದಪ್ಪ ಪ್ಯಾಡ್ ಅಂತ ಸಿಕ್ಕಿದ್ದನ್ನ ಹಾಕಿದ್ರೂ ಡ್ರೈವರ್ ದೂರ ಹೋಗಿ ಸದ್ದಿನ ಚೆಹರೆನೇ ಬೇರೆ ಆಗತ್ತೆ, ಒಮ್ಮೊಮ್ಮೆ ಒಳ್ಳೇದಕ್ಕೆ, ಹೆಚ್ಚು ಸಲ ಕೆಟ್ಟದಕ್ಕೆ. ಕನ್ನಡಕ ಮುಂದಿನ ಸಲ ಬದಲಾಯ್ಸೋವಾಗ ತೆಳು ಲೋಹದ ಕಡ್ಡಿದು ತಗೊಳ್ಳಿ, ಹೆಡ್‌ಫೋನಿಗೆ ಅದು ಹೊಸ ಮಾಡೆಲ್ ತಗೊಂಡಷ್ಟೇ ಉಪಕಾರ.

ಎರಡನೇ ದಾರಿ ಈಕ್ವಲೈಜರು, ಅಂದ್ರೆ ಬೇಕಾದ ಸ್ವರ ಮಾತ್ರ ಏರ್ಸಿ ಇಳ್ಸೋ ಸಾಫ್ಟ್‌ವೇರು, ಪುಕ್ಕಟೆ, ನಾನು ಎಲ್ರಿಗೂ ಹೇಳೋದು ಇದನ್ನೇ. ವಿಂಡೋಸ್ ಲ್ಯಾಪ್‌ಟಾಪಾದ್ರೆ ಈಕ್ವಲೈಜರ್ ಎಪಿಒ, ಆಂಡ್ರಾಯ್ಡ್ ಫೋನಾದ್ರೆ ವೇವ್‌ಲೆಟ್. ಆಟೋ ಇಕ್ಯೂ ಅನ್ನೋ ಪಟ್ಟಿಲಿ ಸಾವಿರಾರು ಹೆಡ್‌ಫೋನಿಗೆ ತಯಾರಿ ಸೆಟ್ಟಿಂಗ್ ಇದೆ, ನಿಮ್ಮದೂ ಇರ್ಬಹುದು, ಶುರು ಮಾಡೋಕೆ ಅದು ಸಾಕು. ಆದ್ರೆ 8,000ದ ಮೇಲಿನ ಅಳತೆ ಒಂದೊಂದು ತಲೆಗೂ ಬೇರೆ, ಹೆಡ್‌ಫೋನನ್ನ ಸ್ವಲ್ಪ ಹಿಂದೆ ಮುಂದೆ ಸರಿಸಿದ್ರೂ ಮುಳ್ಳು ಜಾಗ ಬದಲಾಯಿಸತ್ತೆ, ಅದಕ್ಕೇ ಒಬ್ಬರು ನಯ ಅಂದಿದ್ದನ್ನ ಇನ್ನೊಬ್ಬರು ಕರ್ಕಶ ಅಂತಾರೆ, ಇಬ್ರೂ ಸುಳ್ಳು ಹೇಳ್ತಿಲ್ಲ. ನಿಮ್ಮ ಮುಳ್ಳನ್ನ ನೀವೇ ಹಿಡೀಬೇಕು. ಒಂಟಿ ಸ್ವರ ಹೊರಡ್ಸೋ ಒಂದು ಟೋನ್ ಜನರೇಟರ್ ಆಪ್ ಹಾಕಿ, ವಾಲ್ಯೂಮ್ ತುಂಬಾ ಸಣ್ಣ ಇಟ್ಟು (ಈ ಮಾತು ಮರೀಬೇಡಿ, ಒಂಟಿ ಸ್ವರ ಜೋರಾಗಿ ಕೇಳಿದ್ರೆ ಕಿವಿಗೆ ಏಟು) 4,000ದಿಂದ 12,000ದವರೆಗೆ ನಿಧಾನಕ್ಕೆ ಏರಿಸ್ತಾ ಹೋಗಿ. ಎಲ್ಲೋ ಒಂದು ಕಡೆ ಸದ್ದು ತಟ್ಟನೆ ಮೇಲೆ ಹಾರತ್ತೆ. ಆ ನಂಬರ್ ಬರ್ಕೊಂಡು ಈಕ್ವಲೈಜರಲ್ಲಿ ಅಲ್ಲಿ ಮಾತ್ರ 4 ಡೆಸಿಬೆಲ್ ಇಳ್ಸಿ, ಕ್ಯೂ ಅನ್ನೋದನ್ನ (ಎಷ್ಟು ಅಗಲಕ್ಕೆ ಇಳೀಬೇಕು ಅನ್ನೋ ನಂಬರು) 3ರ ಆಸುಪಾಸು ಇಡಿ, ಕೇಳಿ, ಬೇಕಾದ್ರೆ ಇನ್ನೊಂದೆರಡು ಇಳ್ಸಿ. ಟ್ರೆಬಲ್ ಗುಂಡಿನ ಪೂರ್ತಿ ತಿರುಗಿಸ್ಬೇಡಿ. ಎಪಿಒದಲ್ಲಿ ಮಾಡಿದ್ದು ನೀವು ಕೇಳೋದಕ್ಕೆ ಮಾತ್ರ, ಎಡಿಟ್ ಮಾಡಿ ಹೊರಗೆ ಕೊಡೋ ಪಾಠದ ಫೈಲಿಗೆ ಸೇರಲ್ಲ, ಅದೊಂದು ಸಮಾಧಾನ.

ಟ್ರೆಬಲ್ ಪೂರ್ತಿ ಸತ್ತ ಹೆಡ್‌ಫೋನ್ ಬೇಡ ಅಂತ ನಾನು ಹಟ ಮಾಡೋಕೆ ಕಾರಣ ನಿಮ್ಮ ಕೆಲಸ. ಮಂಕು ಹೆಡ್‌ಫೋನಲ್ಲಿ ಎಡಿಟ್ ಮಾಡಿದ್ರೆ ನಿಮ್ಮ ದನಿ ನಿಮಗೆ ಕಂಬಳಿ ಹೊದ್ದ ಹಾಗೆ ಕೇಳತ್ತೆ, ನೀವು ಟ್ರೆಬಲ್ ಏರಿಸಿ ಕಳಿಸ್ತೀರಿ, ಮನೇಲಿ ಫೋನ್ ಸ್ಪೀಕರಲ್ಲಿ ಕೇಳೋ ಮಕ್ಕಳಿಗೆ ಆ ಚುಚ್ಚು ಹೋಗತ್ತೆ. ಅಷ್ಟೇ ಅಲ್ಲ, ಅಕ್ಷರ ಸ್ಪಷ್ಟ ಇಲ್ಲ ಅಂತ ವಾಲ್ಯೂಮ್ ಏರಿಸ್ತಾ ಹೋಗ್ತೀರಿ.

ಮೂರನೇ ದಾರಿ ಹೊಸದು ತಗೊಳ್ಳೋದು. ಬೆಲೆ ವಾರಕ್ಕೊಂದು ಇರತ್ತೆ, ಅದನ್ನ ನೀವೇ ನೋಡಿ, ನಾನು ಸ್ವಭಾವ ಹೇಳ್ತೀನಿ. ಎಕೆಜಿ ಕೆ371 ಹರ್ಮನ್ ಹೇಳಿದ ಇಳಿಜಾರಿಗೆ ಹತ್ರ ಟ್ಯೂನ್ ಮಾಡಿದ್ದು, ಎಕೆಜಿ ಹರ್ಮನ್ನಿಂದೇ ಬ್ರಾಂಡು, ಕೇಳೋಕೆ ತುಂಬಿದ ಸದ್ದು, ಟ್ರೆಬಲ್ ಸರಾಗ, ಆದ್ರೆ ಪ್ಯಾಡ್ ಸರಿ ಕೂರದಿದ್ರೆ ಬೇಸ್ ಬೇಗ ಸೋರತ್ತೆ, ಕನ್ನಡಕದವ್ರು ಹಾಕಿ ನೋಡದೆ ತಗೋಬಾರ್ದು. ಆಡಿಯೋ ಟೆಕ್ನಿಕಾದ ಎಂ50ಎಕ್ಸ್ ಎಲ್ರೂ ಹೇಳೋದು, ಬೇಸೂ ಟ್ರೆಬಲ್ಲೂ ಎರಡೂ ಎತ್ತಿದ್ದು, ನಿಮ್ಮ ಕಿವಿಗೆ ನಾನು ಹೇಳಲ್ಲ, ಅದ್ರ ತಮ್ಮ ಎಂ40ಎಕ್ಸ್ ಇನ್ನೂ ಸಮ, ಪ್ಯಾಡ್ ಮಾತ್ರ ಸಣ್ಣದು, ದೊಡ್ಡ ಕಿವಿಯವ್ರಿಗೆ ಒತ್ತತ್ತೆ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಇದ್ಯಲ್ಲ, ವೆಲ್ವೆಟ್ ಪ್ಯಾಡು, ಕನ್ನಡಕದ ಮೇಲೆ ಅದ್ರಷ್ಟು ಹಾಯಾಗಿ ಕೂರೋದು ಕಡಿಮೆ, ಪ್ಯಾಡ್ ಬಿಚ್ಚಿ ಹಾಕೋದೂ ಸುಲಭ, ಆದ್ರೆ 8,000ದ ಆಸುಪಾಸು ಅದ್ರ ಮುಳ್ಳು ಲೋಕಪ್ರಸಿದ್ಧ, ಈಕ್ವಲೈಜರ್ ಹಾಕೋಕೆ ತಯಾರಿದ್ರೆ ಮಾತ್ರ. ಸೆನ್‌ಹೈಸರ್ ಎಚ್‌ಡಿ 280 ಪ್ರೊ ಹೊರಗಿನ ಸದ್ದನ್ನ ಚೆನ್ನಾಗಿ ತಡೆಯತ್ತೆ, ಕಂಪನಿ 32 ಡೆಸಿಬೆಲ್‌ವರೆಗೆ ಅನ್ನತ್ತೆ, ಆದ್ರೆ ಇಕ್ಕಳದ ಹಿಡಿತ, ನಿಮ್ಮ ಕನ್ನಡಕದ ಕಡ್ಡಿ ಕಿವಿ ಹಿಂದೆ ಗೀರತ್ತೆ. ಬಜೆಟ್ ಏರಿಸೋ ಹಾಗಿದ್ರೆ ಮೇಜೆ 99 ಕ್ಲಾಸಿಕ್ಸ್ ಅಂತ ಮರದ ಕಪ್ಪಿಂದು, ಬೆಚ್ಚಗಿನ ಸದ್ದು, ಎಡಿಟಿಂಗಿಗೆ ಬೇಸ್ ಸ್ವಲ್ಪ ಜಾಸ್ತಿಯೇ. ಸೋನಿ ಡಬ್ಲ್ಯೂಎಚ್ 1000ಎಕ್ಸ್‌ಎಂ4 ಥರದ ವೈರ್‌ಲೆಸ್ಸು ಟ್ರೆಬಲ್ ಮೆದು, ಬೇಸ್ ಧಾರಾಳ, ಅದ್ರ ಆಪಿನಲ್ಲೇ ಈಕ್ವಲೈಜರ್ ಸಿಗತ್ತೆ, ಆದ್ರೆ ಬ್ಲೂಟೂತಲ್ಲಿ ಸದ್ದು ತಡವಾಗಿ ಬರೋದ್ರಿಂದ ರೆಕಾರ್ಡ್ ಮಾಡ್ತಾ ನಿಮ್ಮ ದನಿ ನೀವೇ ಕೇಳೋಕೆ ಆಗಲ್ಲ.

ನಿಮ್ಮ ಮನೆ ಮಳೆ ಸದ್ದಿಗೆ ಶಬ್ದ ಕಳೆಯೋ ಎಲೆಕ್ಟ್ರಾನಿಕ್ ವ್ಯವಸ್ಥೆ ಬೇಕೇ ಬೇಕು ಅಂತಿಲ್ಲ. ಅದು ಚೆನ್ನಾಗಿ ಕೆಲಸ ಮಾಡೋದು ಗುಂಯ್ ಅನ್ನೋ ಕೆಳಗಿನ ಸದ್ದಿಗೆ, ದೇವಿಮನೆ ಘಾಟಿ ಹತ್ತೋ ಬಸ್ಸಿನ ಇಂಜಿನ್ ಥರದ್ದಕ್ಕೆ. ಶೀಟಿನ ಮೇಲಿನ ಮಳೆ ಹೆಚ್ಚಾಗಿ ನಡು ಮತ್ತು ಮೇಲಿನ ಸ್ವರಗಳ ಸದ್ದು, ಅದನ್ನ ಚೆನ್ನಾಗಿ ಕೂತ ದಪ್ಪ ಪ್ಯಾಡೇ ತಡೆಯತ್ತೆ. ಇಲ್ಲೂ ಮತ್ತೆ ಪ್ಯಾಡೇ ಬಂತು ನೋಡಿ. ತಡೆಯದಿದ್ರೆ ನೀವು ಮಳೆ ಜೊತೆ ಪಂದ್ಯಕ್ಕೆ ಬಿದ್ದ ಹಾಗೆ ವಾಲ್ಯೂಮ್ ಏರಿಸ್ತೀರಿ. ದೊಡ್ಡವ್ರಿಗೆ ವಾರಕ್ಕೆ 40 ತಾಸು 80 ಡೆಸಿಬೆಲ್ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ, ಪ್ರತಿ 3 ಡೆಸಿಬೆಲ್ ಏರಿದ್ರೆ ಸಮಯ ಅರ್ಧ, 90ಕ್ಕೆ ಹೋದ್ರೆ ವಾರಕ್ಕೆ 4 ತಾಸು ಮಾತ್ರ. ಇನ್ನು ಸದ್ದು ಸಣ್ಣ ಇಟ್ಟಾಗ ಕಿವಿಗೆ ಬೇಸ್ ಕಡಿಮೆ ಕೇಳ್ಸತ್ತೆ, ಬೆಲ್ ಲ್ಯಾಬ್ಸಿನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರ್ಸಿದ್ದು. ಹಾಗಾಗಿ ರಾತ್ರಿ ಸದ್ದು ತೆಳು ಅನ್ಸಿದ್ರೆ ವಾಲ್ಯೂಮ್ ಮುಟ್ಟದೆ ಈಕ್ವಲೈಜರಲ್ಲಿ 100 ಹರ್ಟ್ಜಿನ ಕೆಳಗೆ ಎರಡು ಮೂರು ಡೆಸಿಬೆಲ್ ಏರ್ಸಿ ನೋಡಿ.

ಕಿವಿ ಬಗ್ಗೆನೂ ಕೇಳ್ಬೇಕು. ಹೆಡ್‌ಫೋನಲ್ಲಿ ಮಾತ್ರ ಚುಚ್ಚತ್ತಾ, ಅಥವಾ ಸ್ಟೀಲ್ ತಟ್ಟೆ ಬಿದ್ರೆ, ಕುಕ್ಕರ್ ಸೀಟಿ ಹೊಡೆದ್ರೆ, ಮಕ್ಕಳು ಕಿರುಚಿದ್ರೂ ಮೊದಲಿಗಿಂತ ಜಾಸ್ತಿ ಹಿಂಸೆ ಆಗತ್ತಾ? ಎರಡನೇದಾದ್ರೆ ಇದು ನನ್ನ ಕೆಲಸ ಅಲ್ಲ, ಆಡಿಯೋಮೆಟ್ರಿ (ಕೇಳೋ ಶಕ್ತಿಯ ಪರೀಕ್ಷೆ) ಮಾಡ್ಸಿ. ಮೇಲಿನ ಸ್ವರ ಕೇಳೋ ಶಕ್ತಿ ಕಡಿಮೆ ಆದವ್ರಿಗೂ ಜೋರು ಸದ್ದು ಮಾತ್ರ ವಿಪರೀತ ಚುಚ್ಚೋದುಂಟು, ಸಣ್ಣದು ಕೇಳಲ್ಲ, ದೊಡ್ಡದು ತಡೆಯಲ್ಲ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಲಿ ಕಿವಿ ಡಾಕ್ಟರನ್ನ ಕಾಣ್ಬಹುದು, ಕಿವಿದೇ ದೊಡ್ಡ ಸಂಸ್ಥೆ ಬೇಕಂದ್ರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಒಂದೇ ಕಿವಿ ತಟ್ಟನೆ ಮಂದ ಆಯ್ತು, ಅಥವಾ ಒಂದೇ ಕಡೆ ಗುಂಯ್‌ಗುಟ್ಟೋಕೆ ಶುರುವಾಯ್ತು ಅಂದ್ರೆ ಮಾತ್ರ ಹೆಡ್‌ಫೋನ್ ವಿಚಾರ ಬಿಟ್ಟು ಅವತ್ತೇ ಹೋಗಿ.

ಕೊಳ್ಳೋದೇ ಆದ್ರೆ ಶಿರಸಿ ಕುಮಟಾದಲ್ಲಿ ಹಾಕಿ ಕೇಳೋಕೆ ಇವು ಸಿಗೋದು ಕಷ್ಟ. ಹುಬ್ಬಳ್ಳಿಗೋ ಗೋವಾಕ್ಕೋ ಹೋದಾಗ ಹುಡುಕಿ, ನಿಮ್ಮ ಕನ್ನಡಕ ಹಾಕ್ಕೊಂಡು, ನಿಮ್ಮದೇ ಪಾಠದ ಫೈಲು ಫೋನಲ್ಲಿಟ್ಕೊಂಡು ಹೋಗಿ, ಅಂಗಡಿಯವ್ರ ಡೆಮೋ ಹಾಡು ಕೇಳ್ಬೇಡಿ. ಆನ್‌ಲೈನಾದ್ರೆ ಬರೀ ಬದಲಿ ಕೊಡೋದಾ ಅಥವಾ ದುಡ್ಡು ವಾಪಸ್ಸಾ ಅಂತ ಮೊದಲೇ ಓದಿ, ಕಿವಿಗೆ ಒಗ್ಗದ ಮಾಡೆಲಿಗೆ ಅದೇ ಮಾಡೆಲಿನ ಇನ್ನೊಂದು ಪೀಸ್ ಬಂದು ಉಪಯೋಗ ಇಲ್ಲ. ಪ್ಯಾಡ್ ಬೇರೆ ಸಿಗತ್ತಾ ಅನ್ನೋದನ್ನ ಹೆಡ್‌ಫೋನ್ ತಗೊಳ್ಳೋ ದಿನಾನೇ ನೋಡಿಟ್ಕೊಳ್ಳಿ. ಬಳಸಿದ್ಮೇಲೆ ಬೆವರು ಒಣ ಬಟ್ಟೇಲಿ ಒರೆಸಿ, ಜೂನಿಂದ ಸೆಪ್ಟೆಂಬರ್ ತನಕ ಮುಚ್ಚಳ ಗಟ್ಟಿ ಇರೋ ಡಬ್ಬಿಲಿ ಸಿಲಿಕಾ ಜೆಲ್ ಹಾಕಿ ಇಡಿ. ಮೊದಲು ಆ ಅಂಗೈ ಒತ್ತೋ ಪರೀಕ್ಷೆ ಮಾಡಿ, ಏನಾಯ್ತು, ಟೋನ್ ಎಷ್ಟು ಹರ್ಟ್ಜಿಗೆ ಹಾರಿತು, ಹೆಡ್‌ಫೋನಿನ ಮಾಡೆಲ್ ಯಾವುದು ಇಷ್ಟು ಬರೆದು ಕಳ್ಸಿ, ಈಕ್ವಲೈಜರಿನ ನಂಬರುಗಳನ್ನ ನಾನು ಹಾಕ್ಕೊಡ್ತೀನಿ.